ಬೈಜಿಕ ಸಮ್ಮಿಲನದಲ್ಲಿ ಕ್ಯಾಮರಾದ ರಕ್ಷಣೆ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗೃಹದ ಹಿಂಬದಿಗೆ ಒಂದು ಕತ್ತಲೆಯ ಕೋಣೆಯುಂಟು. ಪೂರ್ವದ ಮಹಾಗೋಪುರದಿಂದ ಬಂದ ಬೆಳಕು ಅಲ್ಲಿಯ ಸಣ್ಣ ರಂಧ್ರವನ್ನು ಹೊಕ್ಕು, ಎದುರಿನ ಗೋಡೆಯ ಮೇಲೆ ಗೋಪುರದ ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದೇ ಇದಕ್ಕೆ ಕಾರಣ. ಕ್ಯಾಮರಾದ ಮೂಲತತ್ತ್ವವೂ ಇದೇ ಆಗಿದೆ. ರಂಧ್ರದ ಸ್ಥಾನದಲ್ಲಿ ಗಾಜಿನ ಮಸೂರ, ಗೋಡೆಯ ಸ್ಥಾನದಲ್ಲಿ ಸಿಲಿಕಾನಿನ ಫಲಕ, ಇಷ್ಟೇ ಭೇದ. ಆದರೆ ಕಲ್ಲಿನ ಗೋಡೆಗೆ ಬಾಧಕವಲ್ಲದ ವಿಕಿರಣವು ಈ ಗಾಜನ್ನೂ ಫಲಕವನ್ನೂ ಕೆಡಿಸಬಲ್ಲದು. ಬೈಜಿಕ ಸಮ್ಮಿಲನದ ಪ್ರಯೋಗಗಳಲ್ಲಿ ಇದೊಂದು ದೊಡ್ಡ ತೊಡಕು.

ಜಲಜನಕದ ಭೇದಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಗಳು ಕೂಡಿದಾಗ ಹೀಲಿಯಂ ಬೀಜವೂ, ಸುಮಾರು 14 ದಶಲಕ್ಷ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯುಳ್ಳ ನ್ಯೂಟ್ರಾನೂ ಹುಟ್ಟುತ್ತವೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲದ ಕಾರಣ, ಕಾದ ಪ್ಲಾಸ್ಮಾವನ್ನು ಹಿಡಿದಿಡುವ ಅಯಸ್ಕಾಂತಕ್ಷೇತ್ರವು ಅದನ್ನು ತಡೆಯಲಾರದು. ಅದು ಸುತ್ತಲಿನ ಲೋಹವನ್ನು ಹೊಕ್ಕು ಗ್ಯಾಮಾ ಕಿರಣಗಳನ್ನೂ ಹುಟ್ಟಿಸುತ್ತದೆ. ಪಾತ್ರೆಯ ಒಳಗೋಡೆಯು ಎಲ್ಲಿ ಮಿತಿಮೀರಿ ಕಾಯುತ್ತಿದೆಯೆಂಬುದನ್ನು ಕ್ಯಾಮರಾ ತೋರಿಸಬೇಕು. ಅದು ಕುರುಡಾದರೆ ಗೋಡೆಯ ಹಾನಿಯನ್ನು ಸಕಾಲದಲ್ಲಿ ಅರಿಯುವುದು ಕಷ್ಟ.

ಉಂಟಾಗುವ ದೋಷಗಳು ಮೂರು ಬಗೆ. ಮೊದಲನೆಯದು ಗಾಜಿನದು: ವಿಕಿರಣದಿಂದ ಸಾಧಾರಣ ಗಾಜು ಕಂದುಬಣ್ಣಕ್ಕೆ ತಿರುಗಿ ಬೆಳಕನ್ನು ನುಂಗುತ್ತದೆ. ಸೀರಿಯಂ ಬೆರಸಿದ ಗಾಜೂ ಶುದ್ಧ ಸಿಲಿಕಾ ಗಾಜೂ ಇದನ್ನು ಹೆಚ್ಚು ಕಾಲ ತಾಳುತ್ತವೆ. ಎರಡನೆಯದು ಫಲಕದ್ದು: ನ್ಯೂಟ್ರಾನಿನ ಪೆಟ್ಟಿಗೆ ಸಿಲಿಕಾನ್ ಪರಮಾಣುಗಳು ಸ್ಥಾನಭ್ರಷ್ಟವಾಗುತ್ತವೆ, ಆಗ ಬೆಳಕಿಲ್ಲದಿದ್ದರೂ ಫಲಕದಲ್ಲಿ ವಿದ್ಯುತ್ತು ಹರಿದು, ಚಿತ್ರದಲ್ಲಿ ಕೆಲವು ಬಿಂದುಗಳು ಸದಾ ಹೊಳೆಯುತ್ತವೆ. ಫಲಕವನ್ನು ತಂಪಾಗಿಟ್ಟರೆ ಈ ದೋಷ ತಗ್ಗುವುದು, ಅಳಿಯದು. ಮೂರನೆಯದು ಕ್ಷಣಿಕವಾದದ್ದು: ಕಣವೊಂದು ತಗಲಿದೊಡನೆ ಬಿಳಿಯ ಚುಕ್ಕೆ ಮಿಂಚಿ ಮರೆಯಾಗುವುದು. ಆದರೂ ಇಂತಹ ಪೆಟ್ಟು ಸ್ಮರಣಮಂಡಲಕ್ಕೆ ಬಿದ್ದರೆ ಯಂತ್ರದ ಕೆಲಸವೇ ನಿಲ್ಲಬಹುದು.

ಹಾಗಾದರೆ ಕ್ಯಾಮರಾದ ಸುತ್ತ ದಪ್ಪ ಗೋಡೆಯನ್ನು ಕಟ್ಟಿದರೆ ಸಾಲದೇ ಎಂಬ ಶಂಕೆ ಹುಟ್ಟಬಹುದು. ಗೋಡೆಯು ಬೆಳಕನ್ನೂ ತಡೆಯುತ್ತದೆ. ಬೆಳಕಿಗೆಂದು ರಂಧ್ರವನ್ನು ಬಿಟ್ಟರೆ ನ್ಯೂಟ್ರಾನೂ ಅದರಲ್ಲಿಯೇ ನುಗ್ಗುತ್ತದೆ. ಇದಕ್ಕೆ ಪರಿಹಾರವು ಕನ್ನಡಿಯಲ್ಲಿದೆ. ಬೆಳಕು ಕನ್ನಡಿಯ ಮಾತನ್ನು ಕೇಳಿ ತಿರುಗುತ್ತದೆ, ನ್ಯೂಟ್ರಾನು ಕೇಳುವುದಿಲ್ಲ. ಆದುದರಿಂದ ದಾರಿಯನ್ನು ಅಂಕುಡೊಂಕಾಗಿಸಿದರೆ, ತಿರುವು ತಿರುವಿಗೂ ನ್ಯೂಟ್ರಾನುಗಳು ಗೋಡೆಗೆ ತಾಗಿ ಕ್ಷೀಣಿಸುತ್ತವೆ. 1983ರಿಂದ 2023ರ ವರೆಗೆ ನಡೆದ ಇಂಗ್ಲೆಂಡಿನ ಜೆಟ್ ಯಂತ್ರದಲ್ಲಿ, 2021ರ ಟ್ರಿಟಿಯಂ ಪ್ರಯೋಗಗಳಿಗಾಗಿ ಕೆಲವು ಕ್ಯಾಮರಾಗಳನ್ನು ಕಾಂಕ್ರೀಟ್ ಗೋಡೆಯ ಹೊರಗಿರಿಸಿ, ಕನ್ನಡಿಗಳ ಮೂಲಕ ಬೆಳಕನ್ನು ಅಲ್ಲಿಗೆ ಕೊಂಡೊಯ್ಯಲಾಯಿತು.

ಗೋಡೆಯ ದ್ರವ್ಯವನ್ನು ಹೊಸಪೇಟೆಯ ಸುತ್ತಲ ನೆಲದಿಂದಲೇ ವಿವರಿಸಬಹುದು. ಹಂಪೆಯ ಬಂಡೆಗಳ ಕಣಶಿಲೆಯು ನೀರಿಗಿಂತ ಸುಮಾರು 2.7 ಪಾಲು ಭಾರ. ಸಂಡೂರಿನ ಬೆಟ್ಟಗಳ ಹೆಮಟೈಟ್ ಅದಿರು ಶುದ್ಧವಾಗಿದ್ದರೆ 5 ಪಾಲಿಗೂ ಮೇಲೆ. ಗ್ಯಾಮಾ ಕಿರಣವನ್ನು ತಡೆಯಲು ಭಾರವಾದ ದ್ರವ್ಯವೇ ಬೇಕು. ಆದಕಾರಣ ವಿಕಿರಣದ ಗೋಡೆಗಳಿಗೆ ಜಲ್ಲಿಯ ಬದಲು ಹೆಮಟೈಟನ್ನು ಬೆರಸುವ ಪದ್ಧತಿಯುಂಟು. ನ್ಯೂಟ್ರಾನಿಗಾದರೋ ಇಷ್ಟೇ ಸಾಲದು. ಗೋಲಿಯು ಬಂಡೆಗೆ ಬಡಿದರೆ ಪುಟಿದು ಹಿಂದಿರುಗುವುದು, ಸಮಾನವಾದ ಗೋಲಿಗೆ ನೇರವಾಗಿ ಬಡಿದರೆ ತಾನು ನಿಲ್ಲುವುದು. ನ್ಯೂಟ್ರಾನಿಗೆ ಸಮಾನವಾದ ಗೋಲಿ ಜಲಜನಕದ ಬೀಜ. ಕಂಪ್ಲಿಯ ಗದ್ದೆಗಳಿಗೆ ಹರಿಯುವ ತುಂಗಭದ್ರೆಯ ನೀರಿನಲ್ಲಿಯೂ, ಸಿಮೆಂಟು ಹೀರಿದ ನೀರಿನಲ್ಲಿಯೂ ಇರುವುದು ಅದೇ. ಹೀಗೆ ವೇಗಗುಂದಿದ ನ್ಯೂಟ್ರಾನನ್ನು ಬೋರಾನ್ ಎಂಬ ಧಾತುವು ನುಂಗಿಬಿಡುತ್ತದೆ. ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ಐಟರ್ ಯಂತ್ರದ ಪಾತ್ರೆಯ ಎರಡು ಪದರಗಳ ನಡುವೆ ನೀರಿನೊಡನೆ ಇರಿಸುವ ಬೋರಾನ್‌ಯುಕ್ತ ಉಕ್ಕಿನ ಫಲಕಗಳನ್ನು ಭಾರತದ ಪಾಲಿನ ಕಾರ್ಯವಾಗಿ ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಸಂಸ್ಥೆಯಲ್ಲಿ ಸಿದ್ಧಪಡಿಸಲಾಯಿತು.

ಇಷ್ಟಾದರೂ ಒಂದು ಅಂಗವು ರಕ್ಷಣೆಯ ಹೊರಗೇ ಉಳಿಯುತ್ತದೆ. ಪ್ಲಾಸ್ಮಾವನ್ನು ನೇರವಾಗಿ ನೋಡುವ ಮೊದಲ ಕನ್ನಡಿಗೆ ಮರೆಯೆಂಬುದಿಲ್ಲ. ಅದನ್ನು ಗಾಜಿನಿಂದ ಮಾಡದೆ ಮಾಲಿಬ್ಡಿನಂ, ರೋಡಿಯಂ ಮೊದಲಾದ ಲೋಹಗಳಿಂದ ಮಾಡಿ ಪರೀಕ್ಷಿಸಲಾಗಿದೆ. ಲೋಹವು ಗಾಜಿನಂತೆ ಕಂದದಿದ್ದರೂ, ಪಾತ್ರೆಯ ಗೋಡೆಯಿಂದ ಸವೆದು ಬಂದ ದ್ರವ್ಯವು ಅದರ ಮೇಲೆ ಕೂತು ಹೊಳಪನ್ನು ಕೆಡಿಸುತ್ತದೆ. ಕ್ಯಾಮರಾವನ್ನು ದೂರವಿರಿಸಿ ಕಾಪಾಡಬಹುದು. ಮೊದಲ ಕನ್ನಡಿಯನ್ನಾದರೋ ಆಗಾಗ ಶುದ್ಧಿಮಾಡುವ ಇಲ್ಲವೆ ಬದಲಿಸುವ ಉಪಾಯವನ್ನು ಯಂತ್ರ ಕಟ್ಟುವಾಗಲೇ ಯೋಜಿಸಿರಬೇಕು.