ಮೇಲಿಂದ ಮೇಲೆ ಬಾಯಿ ಹುಣ್ಣು ಯಾಕೆ?

ಶಹಾಬಾದದಲ್ಲಿ ಕಲ್ಲಿನ ಖಣಿಗೆ ಹೋಗುವ ಅಕ್ಕ ಒಬ್ಬರು ರಾತ್ರಿ ಓದಲು ಬರುತ್ತಿದ್ದರು. ಒಂದು ದಿನ ಅವರು ಪಾಠ ಓದಲಿಲ್ಲ. "ಯಾಕಕ್ಕಾ?" ಅಂದೆ. ಬಾಯಿ ತೆರೆದು ತೋರಿಸಿದರು. ತುಟಿಯ ಒಳಗೆ ಎರಡು ಹುಣ್ಣು. ನಡುವೆ ಬಿಳುಪು, ಸುತ್ತ ಕೆಂಪು.

"ತಿಂಗಳಿಗೊಮ್ಮೆ ಹಿಂಗೇ ಆಗ್ತದ್ರಿ. ರೊಟ್ಟಿ ಒಳಗ ಹೋಗಂಗಿಲ್ಲ. ಉಷ್ಣ ಆಗ್ಯಾದ ಅಂತಾರ" ಅಂದರು.

ಸೇಡಂ ಇರಲಿ, ಚಿಂಚೋಳಿ ಇರಲಿ, ಎಲ್ಲರೂ ಉಷ್ಣ ಅಂತಲೇ ಹೇಳುತ್ತಾರೆ. ನಮ್ಮ ಬಿಸಿಲೂ ಹಾಗೇ ಅದ ಬಿಡಿ. ಆದರೆ ಕಾರಣ ಬೇರೆ ಇರಬಹುದು.

ಬಾಯಿಯ ಒಳಗಿನ ಚರ್ಮ ಬಹಳ ತೆಳು. ಅದು ಬೇಗ ಸವೆಯುತ್ತದೆ, ಬೇಗ ಹೊಸದಾಗುತ್ತದೆ. ಹೊಸದಾಗಲು ಕಬ್ಬಿಣದ ಅಂಶ ಬೇಕು. ಫೋಲಿಕ್ ಆಮ್ಲ, ಬಿ-12 ಜೀವಸತ್ವ ಬೇಕು. ಇವು ಕಡಿಮೆ ಆದರೆ ಹುಣ್ಣು ಮತ್ತೆ ಮತ್ತೆ ಬರುತ್ತದೆ.

ಹೆಂಗಸರಿಗೆ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಹೆರಿಗೆಯಲ್ಲೂ ಹೋಗುತ್ತದೆ. ಎಲ್ಲರೂ ಉಂಡ ಮೇಲೆ ನಾವು ಉಣ್ಣುತ್ತೇವೆ. ಆಗ ಗಡಿಗೆಯ ತಳದಲ್ಲಿ ಏನು ಉಳಿದಿರುತ್ತದೆ? ತೊಗರಿ ಬೆಳೆಯುವವರು ನಾವೇ, ಬ್ಯಾಳಿ ಇಲ್ಲದ ತಿಳಿಸಾರು ಉಣ್ಣುವವರೂ ನಾವೇ!

ಬ್ಯಾಳಿ, ಪುಂಡಿ ಪಲ್ಯ, ಮೆಂತೆ ಪಲ್ಯ ಉಣ್ಣಿರಿ. ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿರಿ. ಉಂಡ ಕೂಡಲೇ ಚಹಾ ಬೇಡ. ಬಿ-12 ಸೊಪ್ಪಿನಲ್ಲಿ ಸಿಗುವುದಿಲ್ಲ. ಅದು ಹಾಲು, ಮೊಸರು, ತತ್ತಿ, ಮಾಂಸದಲ್ಲಿ ಅದ.

ಚೂಪಾದ ಹಲ್ಲು ತಾಗಿದರೂ ಹುಣ್ಣಾಗುತ್ತದೆ. ಚಿಂತೆ, ನಿದ್ದೆಗೇಡಿನಿಂದಲೂ ಬರುತ್ತದೆ. ತಾಯಿಗೆ ಇದ್ದರೆ ಮಗಳಿಗೂ ಬರಬಹುದು. ಇದು ಅಂಟುರೋಗ ಅಲ್ಲ. ಉಗುರು ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿರಿ. ಸಣ್ಣ ಹುಣ್ಣು ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ.

ಆ ಅಕ್ಕನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 12 ಇರಬೇಕಿತ್ತು, 8 ಇತ್ತು. ಕಬ್ಬಿಣದ ಗುಳಿಗೆ ಕೊಟ್ಟರು. ಗುಳಿಗೆ ತಿಂದರೆ ಮಲ ಕಪ್ಪಾಗುತ್ತದೆ, ಹೆದರಬೇಡಿರಿ.

ಇನ್ನೊಂದು ಹುಣ್ಣು ಅದ. ಅದಕ್ಕೆ ಹೆದರಲೇಬೇಕು. ಒಂದೇ ಜಾಗದಲ್ಲಿ ಎರಡು ಮೂರು ವಾರ ಆದರೂ ಮಾಯುವುದಿಲ್ಲ. ಗಟ್ಟಿ ಇರುತ್ತದೆ. ಮೊದಮೊದಲು ನೋವೇ ಇರುವುದಿಲ್ಲ. ತಂಬಾಕು, ಸುಣ್ಣ, ಅಡಿಕೆ ಬಾಯಲ್ಲಿ ಇಡುವವರಿಗೆ ಇದು ಕ್ಯಾನ್ಸರ್ ಇರಬಹುದು. ಗುಟ್ಕಾ ಮಾರಾಟವನ್ನು ಕರ್ನಾಟಕದಲ್ಲಿ 2013ರಲ್ಲೇ ನಿಷೇಧಿಸಿದರು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ!

ವಾಡಿ, ಚಿತ್ತಾಪುರದವರಾದರೆ ಮೊದಲು ಹತ್ತಿರದ ದವಾಖಾನೆಯಲ್ಲಿ ತೋರಿಸಿರಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಅದ. ಬೇಗ ತೋರಿಸಿದರೆ ಗುಣವಾಗುತ್ತದೆ.

ಇದನ್ನು ಕೇಳಿ ಆ ಅಕ್ಕ ಸುಮ್ಮನೆ ಕುಳಿತರು. ಆಮೇಲೆ ಮೆಲ್ಲಗೆ ಅಂದರು: "ನಮ್ಮತ್ತಿಗಿ ಮೂರು ತಿಂಗಳಿಂದ ಗಲ್ಲದಾಗ ಒಂದು ಹುಣ್ಣದರಿ. ನೋವಿಲ್ಲ ಅಂತ ಬಿಟ್ಟೀವಿ."

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಅತ್ತೆಯನ್ನು ಕರೆದುಕೊಂಡು ಹೊರಟರು.