ಬರೆದದ್ದು 5, ಓದಿದರೆ 0!

ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ನಾನು ಆರಿಸಿಕೊಂಡದ್ದು ಗೇಮ್ ಬಾಯ್. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ, ಕೈಯಲ್ಲಿ ಹಿಡಿದು ಆಡುವ ಯಂತ್ರವದು. ಅದರಂತೆಯೇ ನಡೆದುಕೊಳ್ಳುವ ಪ್ರೋಗ್ರಾಂ, ಅಂದರೆ ಎಮ್ಯುಲೇಟರ್ ಬರೆಯತೊಡಗಿದೆ. ಪ್ರದರ್ಶನಕ್ಕೆ ನಾಲ್ಕೇ ದಿನ ಇರುವಾಗ ಪರದೆಯಲ್ಲಿ ನೆಲ, ಗೋಡೆ ಎಲ್ಲ ಬಂದವು. ಆಟಗಾರ ಮಾತ್ರ ಬರಲಿಲ್ಲ.

ತಪ್ಪು ಎಲ್ಲಿತ್ತು? ಗೇಮ್ ಬಾಯ್ ಪ್ರೊಸೆಸರ್‌ನ ವಿಳಾಸ 16 ಬಿಟ್‌ಗಳದ್ದು. ಹಾಗಾಗಿ 0ಯಿಂದ 65,535ರವರೆಗೆ ಒಟ್ಟು 65,536 ವಿಳಾಸಗಳು. ನಾನು ಅಷ್ಟೇ ದೊಡ್ಡ ಅರೇ ಮಾಡಿ, ‘ಬರೆ’ ಎಂದಾಗಲೆಲ್ಲ ಬೆಲೆಯನ್ನು ಅಲ್ಲಿ ಇಟ್ಟುಬಿಡುತ್ತಿದ್ದೆ. 49,152ರಿಂದ 57,343ರವರೆಗಿನ ರ್‍ಯಾಮ್‌ಗೆ ಇದು ಸರಿ. ಆದರೆ ಎಲ್ಲ ವಿಳಾಸದಲ್ಲೂ ಮೆಮೊರಿ ಇರುವುದಿಲ್ಲ. 65,280ರಿಂದ ಮುಂದೆ ಗುಂಡಿಗಳು, ಟೈಮರ್, ಧ್ವನಿ, ಪರದೆ ಇವುಗಳ ರಿಜಿಸ್ಟರ್‌ಗಳಿವೆ. ಮೆಮೊರಿಗೆ ಬರೆದಂತೆಯೇ ಇವುಗಳಿಗೂ ಬರೆದು ಪ್ರೊಸೆಸರ್ ಕೆಲಸ ಹೇಳುತ್ತದೆ. ಇದಕ್ಕೆ ಮೆಮೊರಿ ಮ್ಯಾಪ್ಡ್ ಐ/ಒ ಎಂದು ಹೆಸರು. ಮನೆಯ ಕರೆಗಂಟೆಯ ಗುಂಡಿಯನ್ನು ನೆನಪಿಸಿಕೊಳ್ಳಿ: ಒತ್ತಿದರೆ ಅದರೊಳಗೆ ಏನೂ ಸೇರುವುದಿಲ್ಲ, ಒಳಗೆಲ್ಲೋ ಗಂಟೆ ಬಾರಿಸುತ್ತದೆ.

ಮೂರು ಉದಾಹರಣೆ ನೋಡೋಣ.

65,284ರಲ್ಲಿ ತಾನಾಗಿಯೇ ಎಣಿಸುತ್ತಾ ಹೋಗುವ ಟೈಮರ್ ಇದೆ. ಅಲ್ಲಿಗೆ 5 ಬರೆಯಿರಿ, 200 ಬರೆಯಿರಿ, ಅದು 0ಗೆ ಮರಳುತ್ತದೆ.

32,768ಕ್ಕಿಂತ ಕೆಳಗಿನದು ಕಾರ್ಟ್ರಿಡ್ಜ್‌ನ ರಾಮ್ (ಆರ್‌ಒಎಂ). ಅದನ್ನು ಓದಬಹುದು, ಬದಲಿಸಲಾಗದು. ಆದರೂ ದೊಡ್ಡ ಆಟಗಳು ಅಲ್ಲಿಗೆ ಬರೆಯುತ್ತವೆ! ಕಾರ್ಟ್ರಿಡ್ಜ್‌ನೊಳಗಿನ ಚಿಪ್ ಆ ಸಂಖ್ಯೆಯನ್ನು ಹಿಡಿದುಕೊಂಡು, ಆಟದ ಬೇರೊಂದು 16 ಕಿಲೋಬೈಟ್ ಭಾಗವನ್ನು ಪ್ರೊಸೆಸರ್‌ನ ಮುಂದಿಡುತ್ತದೆ.

ನನ್ನನ್ನು ಕಾಡಿದ್ದು ಮೂರನೆಯದು, 65,350. ಅಲ್ಲಿಗೆ 193 ಬರೆದರೆ 193 × 256, ಅಂದರೆ 49,408ರಿಂದ ಆರಂಭಿಸಿ 160 ಬೈಟ್‌ಗಳು ಚಿತ್ರಗಳ ಪಟ್ಟಿಗೆ ನಕಲಾಗುತ್ತವೆ. ಒಂದು ಚಿತ್ರಕ್ಕೆ 4 ಬೈಟ್‌ನಂತೆ 40 ಚಿತ್ರಗಳು; ಹಿಡಿಯುವ ಸಮಯ ಸುಮಾರು 153 ಮೈಕ್ರೋಸೆಕೆಂಡ್. ನನ್ನ ಪ್ರೋಗ್ರಾಂ 193ನ್ನು ಜೋಪಾನವಾಗಿ ಇಟ್ಟುಕೊಂಡಿತ್ತು, ನಕಲು ಮಾತ್ರ ಮಾಡಿರಲಿಲ್ಲ! ಪಟ್ಟಿಯೇ ಖಾಲಿಯಿದ್ದರೆ ಆಟಗಾರ ಕಾಣುವುದು ಹೇಗೆ?

ಅರೇಗೆ ನೇರವಾಗಿ ಬರೆಯುವುದನ್ನು ಬಿಟ್ಟು, ಮೊದಲು ವಿಳಾಸ ನೋಡಿ ಆಮೇಲೆ ಕೆಲಸ ಮಾಡುವ ಒಂದು ಫಂಕ್ಷನ್ ಬರೆದೆ. ಮರುಗಳಿಗೆಯೇ ಆಟಗಾರ ಗೋಡೆಯ ಪಕ್ಕದಲ್ಲಿ ನಿಂತಿದ್ದ.

ಪ್ರದರ್ಶನದ ದಿನ ಪ್ರಥಮ ಪಿಯುಸಿಯ ತಂಗಿಯೊಬ್ಬಳು, “ಅಣ್ಣಾ, 5 ಬರೆದರೆ 0 ಯಾಕೆ ಬರುತ್ತೆ?” ಎಂದು ಕೇಳಿದಳು. ನಾಲ್ಕು ದಿನ ಮೊದಲು ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.