ಡೆಂಗ್ಯೂ ಒಂದಲ್ಲ, ನಾಲ್ಕು!



ಹೋದ ವರ್ಷ ನಮ್ಮಣ್ಣನಿಗೆ ಡೆಂಗ್ಯೂ ಬಂದು ವಾಸಿಯಾಯಿತು. "ದಡಾರ ಒಂದ್ಸಲ ಬಂದ್ರೆ ಮತ್ತೆ ಬರಲ್ಲ. ಇದೂ ಹಂಗೇ. ಇನ್ನೇನು ಭಯ?" ಅಂದರು ನಮ್ಮಜ್ಜಿ. ಆದರೆ ಡೆಂಗ್ಯೂ ಹಾಗಲ್ಲ. ಯಾಕೆ ಗೊತ್ತೇ?

ಡೆಂಗ್ಯೂ ವೈರಸ್‌ನಲ್ಲಿ ಮುಖ್ಯವಾಗಿ 4 ವಿಧಗಳಿವೆ. ಅವಕ್ಕೆ 1, 2, 3, 4 ಎಂದೇ ಹೆಸರು. 1944ರ ಸುಮಾರಿಗೆ ಆಲ್ಬರ್ಟ್ ಸೇಬಿನ್ ಎಂಬ ವಿಜ್ಞಾನಿ ಮೊದಲ ಎರಡನ್ನು ಗುರುತಿಸಿದರು. ಉಳಿದೆರಡು 1950ರ ದಶಕದಲ್ಲಿ ಫಿಲಿಪೈನ್ಸ್ ದೇಶದಲ್ಲಿ ಸಿಕ್ಕವು.

ಇವನ್ನು ಹೇಗೆ ವಿಂಗಡಿಸಿದರು? ವಾಸಿಯಾದವರ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಪ್ರತಿಕಾಯಗಳು ಇರುತ್ತವೆ. ಅವು ಯಾವ ವೈರಸ್ಸನ್ನು ಚೆನ್ನಾಗಿ ತಡೆಯುತ್ತವೆ, ಯಾವುದನ್ನು ತಡೆಯುವುದಿಲ್ಲ ಎಂದು ಪರೀಕ್ಷೆ ಮಾಡಿದರು.

1ನೇ ವಿಧ ಬಂದು ಹೋದವರಿಗೆ ಸಾಮಾನ್ಯವಾಗಿ ಅದೇ ವಿಧ ಮತ್ತೆ ಬರಲ್ಲ. ಆದರೆ ಮುಂದೆ 2ನೇ ವಿಧ ಬರಬಹುದು. ಆಗ ಹಳೆಯ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ಕೊಲ್ಲುವುದಿಲ್ಲ. ಬದಲಿಗೆ ಅದು ಜೀವಕೋಶದ ಒಳಗೆ ಹೋಗಲು ದಾರಿ ಮಾಡಿಕೊಡಬಹುದು! ಅದಕ್ಕೇ ಎರಡನೇ ಸಲ ರಕ್ತಸ್ರಾವವಾಗಿ ಪ್ರಾಣಕ್ಕೆ ಅಪಾಯ ಆಗುವುದು ಹೆಚ್ಚು.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಾಲ್ಕನ್ನೂ ಹರಡುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ, ಡ್ರಮ್ಮು ತೊಟ್ಟಿಗಳಲ್ಲಿ ತುಂಬಿಡುತ್ತೇವೆ. ಆ ಒಳ್ಳೆ ನೀರಲ್ಲೇ ಅದು ಮೊಟ್ಟೆ ಇಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿ. ಒಮ್ಮೆ ಡೆಂಗ್ಯೂ ಬಂದವರ ಮನೆಯವರು ಇನ್ನೂ ಹುಷಾರಾಗಿರಬೇಕು.

ಈಗ ನಮ್ಮಜ್ಜಿಯೇ ಡ್ರಮ್ಮಿಗೆ ಬಟ್ಟೆ ಕಟ್ಟುತ್ತಾರೆ!

– 7ನೇ ತರಗತಿ ವಿದ್ಯಾರ್ಥಿನಿ, ಮಾಲೂರು ತಾಲ್ಲೂಕು